ತಾಮ್ರ ಸೋಕಬಾರದ ನೀರು

ಬೆಳಗಿನ ಹೊತ್ತು ಅಕ್ಕನ ಹಸಿರು ಬಳೆಗಳು ಮುಂಗೈಯಲ್ಲಿ ಇರುತ್ತಿರಲಿಲ್ಲ. ಅವನ್ನು ಮೊಣಕೈಯ ತನಕ ಏರಿಸಿ, ಹಳೆಯ ಸೀರೆಯ ಅಂಚಿನಿಂದ ಹರಿದ ಪಟ್ಟಿಯಲ್ಲಿ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಮುತ್ತೈದೆ ಬಳೆ ತೆಗೆದಿಡುವಂತಿಲ್ಲ. ಹಾಗೆಂದು ಬಳೆಯ ಸಂದಿಯಲ್ಲಿ ಮೆತ್ತಿಕೊಂಡ ಅರಿಸಿನ, ಸೀಗೆಪುಡಿ, ಒಲೆಯ ಬೂದಿ ಮೀನಿನ ನೀರಿಗೆ ಇಳಿಯುವಂತೆಯೂ ಇಲ್ಲ. ಕೈಗಳನ್ನು ಬರೀ ನೀರಿನಲ್ಲಿ ತೊಳೆದು, ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ಇನ್ನೊಮ್ಮೆ ತೊಳೆದು, ಆಮೇಲೆ ಗಾಜಿನ ತೊಟ್ಟಿಗೆ ಇಳಿಸುವಳು. ಕಟ್ಟು ಬಿಚ್ಚಿದ ಮೇಲೆ ಮೊಣಕೈ ಕೆಳಗೆ ಬಳೆಗಳು ಒತ್ತಿದ ಕೆಂಪು ಗೆರೆಗಳು ಮಧ್ಯಾಹ್ನ ಊಟಕ್ಕೆ ಬಡಿಸುವಾಗಲೂ ಕಾಣುತ್ತಿದ್ದವು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಅರಕಲಗೂಡಿನ ಹೆಣ್ಣು. ಐವತ್ತರ ದಶಕದ ನಡುವಿನಲ್ಲಿ ನಾನು ಹಾಸನದ ಕಾನ್ವೆಂಟಿನಲ್ಲಿ ಓದು ಮುಗಿಸಿ ಹೊಳೆನರಸೀಪುರದ ಆ ಮನೆಗೆ ಸೊಸೆಯಾಗಿ ಬಂದಾಗ ಅವಳು ಅಲ್ಲಿ ಹಳಬಳು. ಮನೆಯಲ್ಲಿ ಅತ್ತೆಮ್ಮ, ಭಾವ, ಅಕ್ಕ, ನಾವಿಬ್ಬರು. ಭಾವನದು ಭತ್ತದ ಮಂಡಿ; ನಮ್ಮವರೂ ಅದರಲ್ಲೇ ದುಡಿಯುತ್ತಿದ್ದರು. ಗಂಡನ ಅಣ್ಣನ ಜೊತೆ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅವರು ಬಂದರೆ ನಾನು ಬಾಗಿಲ ಹಿಂದೆ ಸರಿಯಬೇಕು. ಏನಾದರೂ ತಿಳಿಸಬೇಕಿದ್ದರೆ ಅಕ್ಕನ ಮೂಲಕ.

ಮನೆ ತುಂಬಿಸಿಕೊಂಡ ಮಾರನೆಯ ದಿನ ಅಕ್ಕ ನನ್ನನ್ನು ಕೇಳಿದ ಮೊದಲ ಮಾತು ಅಡಿಗೆಯದಲ್ಲ, ಒಡವೆಯದಲ್ಲ.

"ನಿಮ್ ಕಾನ್ವೆಂಟಲ್ಲಿ ಮೀನು ಸಾಕಿದ್ರಾ ತಂಗಿ?"

ಸಿಸ್ಟರ್‌ಗಳ ಮುಂದಿನ ಕೋಣೆಯಲ್ಲಿ ಗುಂಡನೆಯ ಗಾಜಿನ ಬುರುಡೆ ಇತ್ತು, ತಳದಲ್ಲಿ ನೀಲಿ ಗಾಜಿನ ಮಣಿಗಳಿದ್ದವು ಎಂದೆ.

"ಆ ಮಣಿ ಬಣ್ಣ ಬಿಡ್ತಿರ್ಲಿಲ್ವಾ?"

ನಾನು ಎಂದೂ ಯೋಚಿಸಿರಲಿಲ್ಲ. ಬುರುಡೆಯ ಮೀನುಗಳು ಆಗಾಗ ಬದಲಾಗುತ್ತಿದ್ದದ್ದು ಮಾತ್ರ ನೆನಪಿತ್ತು. ಅದನ್ನು ಹೇಳಿದೆ. ಅಕ್ಕ "ಊಂ" ಎಂದಳು. ಆ 'ಊಂ'ನಲ್ಲಿ ಕಾನ್ವೆಂಟಿನ ಬಗ್ಗೆ ಅವಳ ತೀರ್ಪು ಮುಗಿದಿತ್ತು.

ತೊಟ್ಟಿ ಬಂದದ್ದು ಅವಳ ಮದುವೆಯ ಹೊಸತರಲ್ಲಿ. ಭಾವ ಅವಳನ್ನು ಮೈಸೂರು ದಸರಾಕ್ಕೆ ಕರೆದೊಯ್ದಿದ್ದರು. ವಸ್ತುಪ್ರದರ್ಶನದಲ್ಲಿ ಕೆಂಪು ಮೀನುಗಳ ಮುಂದೆ ನಿಂತವಳು ಕದಲಲಿಲ್ಲವಂತೆ. ಭಾವ ಹೋಗಿ ಮಾರುವವನ ಜೊತೆ ಚೌಕಾಸಿ ಮಾಡಿ ತೊಟ್ಟಿ, ಮೀನು ಎರಡನ್ನೂ ಕೊಂಡರು. ಬಸ್ಸಿನಲ್ಲಿ ತೊಟ್ಟಿ ಅವಳ ತೊಡೆಯ ಮೇಲೆ, ಮೀನಿನ ಡಬ್ಬಿ ಅವರ ತೊಡೆಯ ಮೇಲೆ. ದಾರಿಯಲ್ಲಿ ಭಾವ ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿದ್ದರಂತೆ: "ಮಾರೋನು ಒಂದು ಮಾತು ಯೋಳ್ದ ಕಣೆ. ತಾಮ್ರ, ಇತ್ತಾಳೆ ನೀರಿಗೆ ಸೋಕಿಸ್ಬಾರ್ದಂತೆ. ಸೋಕಿಸಿದ್ರೆ ಮೀನು ಉಳಿಯಾಕಿಲ್ವಂತೆ."

ಈ ಮಾತನ್ನು ಅಕ್ಕ ನನಗೆ ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ "ನಿಮ್ ಭಾವ ಯೋಳಿದ್ದು" ಎಂದೇ ಶುರು ಮಾಡುತ್ತಿದ್ದಳು. ಕೆಲವು ಹೆಂಗಸರು ಗಂಡ ತಂದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತೋರಿಸಿ ಮತ್ತೆ ಮಡಿಸಿಡುತ್ತಾರಲ್ಲ, ಹಾಗೆ.

ಮಿಕ್ಕಿದ್ದೆಲ್ಲ ಅವಳು ತಾನೇ ಕಲಿತದ್ದು, ಮೀನು ಸಾಯಿಸಿ ಸಾಯಿಸಿ. ತೌರಿನಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟಿನ ತೊಟ್ಟಿಗೆ ಹೊಳೆಯ ಮೀನು ತಂದು ಬಿಟ್ಟು, ಬೆಳಗಾಗುವುದರೊಳಗೆ ಎಲ್ಲ ತೇಲಿದ್ದವಂತೆ. ಸೀಗೆ ಹಚ್ಚಿಕೊಂಡು ಮಿಂದ ಕೈಯನ್ನು ಹಾಗೇ ಇಳಿಸಿ ಒಮ್ಮೆ ಕಳೆದುಕೊಂಡಿದ್ದಳು. "ಒಂದೊಂದು ಬುದ್ದಿಗೂ ಒಂದೊಂದು ಮೀನು ಕೊಟ್ಟಿವ್ನಿ ಕಣಮ್ಮಿ" ಎನ್ನುತ್ತಿದ್ದಳು. ಅದಕ್ಕೇ ಆಮೇಲೆ ಯಾವ ಹೊಸ ಪದಾರ್ಥವೂ ಸೀದಾ ತೊಟ್ಟಿಗೆ ಹೋಗುತ್ತಿರಲಿಲ್ಲ. ಹೇಮಾವತಿಯ ದಡದಿಂದ ಬಟ್ಟೆ ಒಗೆದು ಬರುವಾಗ ಮಡಿಲಲ್ಲಿ ಕಲ್ಲು ತುಂಬಿಕೊಂಡು ಬರುವಳು. ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಒಂದೊಂದಕ್ಕೂ ನಿಂಬೆಹುಳಿ ಹಿಂಡುವಳು. ನೊರೆ ಎದ್ದರೆ ಸುಣ್ಣದ ಕಲ್ಲು, ಬೇಲಿಯಾಚೆಗೆ. ಸುಮ್ಮನಿದ್ದರೆ ಒಳಗೆ. ತೆಂಗಿನ ಚಿಪ್ಪನ್ನು ಕುದಿಸಿ, ನೀರು ಬದಲಿಸಿ ಮತ್ತೆ ಕುದಿಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಮೀನುಗಳಿಗೆ ಅಡಗಲು ಗೂಡು. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಚನ್ನಪಟ್ಟಣದ ಮರದ ಬಾತುಕೋಳಿಯನ್ನು ಮಡಕೆಯ ನೀರಿನಲ್ಲಿ ನೆನೆಹಾಕಿದಳು. ಬೆಳಿಗ್ಗೆ ನೀರು ಗುಲಾಬಿಯಾಗಿತ್ತು. ಬಾತುಕೋಳಿಯನ್ನು ಒರೆಸಿ ನನ್ನ ಕೈಗೆ ಕೊಟ್ಟು, "ನಿನಗೊಂದು ಕೂಸಾಗ್ಲಿ, ಆಡ್ಲಿ. ಬಾಯಿಗೆ ಇಕ್ಕಕ್ಕೆ ಬಿಡ್ಬ್ಯಾಡ" ಎಂದಳು.

ನಮ್ಮದು ಮೀನು ತಿನ್ನುವ ಮನೆ. ಕೇರಿಯ ಹೆಂಗಸರಿಗೆ ಇದು ನಗೆಯ ವಿಷಯ. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, "ಏನ್ ಗೌಡ್ತಿ, ಸಾರಿಗೆ ಕಾರ ಅರೆದಿದ್ದೀಯೋ, ಇನ್ನೂ ದಪ್ಪ ಆಗ್ಲಿ ಅಂತ ಕಾಯ್ತಿದ್ದೀಯೋ?" ಎನ್ನುವಳು.

"ನೀನು ಗಿಣಿ ಸಾಕಿದ್ದೀಯಲ್ಲ, ಅದೂ ಸಾರಿಗೇನಾ?" ಎಂದು ಅಕ್ಕ ತಿರುಗಿ ನೋಡದೆಯೇ ಕೇಳುವಳು.

ನಿಜವಾದ ಜಗಳ ಅತ್ತೆಮ್ಮನ ಜೊತೆಗೆ, ಅದೂ ದೇವರ ವಿಷಯಕ್ಕೆ. ಅತ್ತೆಮ್ಮನ ಹತ್ತಿರ ಹೆಬ್ಬೆರಳುದ್ದದ ಹಿತ್ತಾಳೆಯ ಬಾಲಕೃಷ್ಣ ಇದ್ದ. ಮೀನಿರುವ ನೀರಿನಲ್ಲಿ ದೇವರಿದ್ದರೆ ಮನೆಗೆ ಒಳ್ಳೆಯದೆಂದು ಅವನನ್ನು ತಂದು ತೊಟ್ಟಿಯ ಮರಳಲ್ಲಿ ನಿಲ್ಲಿಸುವರು. ಅಕ್ಕ ಬಳೆ ಏರಿಸಿ ಕಟ್ಟಿ, ಅವನನ್ನು ತೆಗೆದು, ಒರೆಸಿ, ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಡುವಳು.

"ನೀರಾಗೆ ದ್ಯಾವ್ರು ಇರ್ಬಾರ್ದೇನೇ ನಿನಗೆ?"

"ದ್ಯಾವ್ರು ಇರ್ಲಿ ಅತ್ತೆಮ್ಮ. ಇತ್ತಾಳೆ ಬ್ಯಾಡ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಓಡುತ್ತಿದ್ದೆ. ಆಗ ನಗು ಬರುತ್ತಿತ್ತು. ಆ ಮನೆಯಲ್ಲಿ ಅಕ್ಕನ ಮಾತು ನಡೆಯುತ್ತಿದ್ದದ್ದು ಆ ಗಾಜಿನ ನಾಲ್ಕು ಗೋಡೆಗಳ ಒಳಗೆ ಮಾತ್ರ ಎಂಬುದು ನನಗೆ ತಿಳಿಯಲು ಸ್ವಲ್ಪ ಕಾಲ ಬೇಕಾಯಿತು. ಎಷ್ಟು ಅಕ್ಕಿ ಅಳೆಯಬೇಕು, ಯಾವ ಹಬ್ಬಕ್ಕೆ ತೌರಿಗೆ ಹೋಗಬೇಕು, ಯಾವುದೂ ಅವಳದಲ್ಲ. ತೊಟ್ಟಿಗೆ ಏನು ಇಳಿಯಬೇಕು, ಏನು ಇಳಿಯಬಾರದು ಎಂಬುದು ಅವಳದು. ಅದೂ ಯಾಕೆ ನಡೆಯುತ್ತಿತ್ತೆಂದರೆ ಅದರ ಹಿಂದೆ ಭಾವನ ಮಾತೊಂದಿತ್ತು.

ಅಕ್ಕನಿಗೆ ಮಕ್ಕಳಾಗಲಿಲ್ಲ. ನನಗೆ ಮಗಳು ಹುಟ್ಟಿದ ಮೇಲೆ ಅತ್ತೆಮ್ಮನ ಬಾಯಿ ಬಿಚ್ಚಿತು. ಬಾಣಂತಿ ಕೋಣೆಗೆ ಅಕ್ಕ ಬಿಸಿನೀರು ತಂದರೆ ಹೊಸ್ತಿಲಾಚೆಗೇ ಇಡಿಸುತ್ತಿದ್ದರು. ಆಮೇಲೆ ಚನ್ನರಾಯಪಟ್ಟಣದ ಕಡೆಯಿಂದ, ದಂಡಿಗನಹಳ್ಳಿಯ ಹತ್ತಿರದ ಒಂದು ಮನೆಯಿಂದ ಹೆಣ್ಣಿನ ಮಾತು ಬಂತು, ಭಾವನಿಗೆ. ನಮ್ಮ ಯಜಮಾನರು ಊಟದ ಎಲೆಯ ಮುಂದೆ ಕೂತು ಮೆಲ್ಲಗೆ, "ಈಗ ಕಾನೂನು ಬಂದದೆ ಅಮ್ಮ, ಎಲ್ಡನೇದು ಮಾಡ್ಕಳಂಗಿಲ್ಲ" ಎಂದರು.

"ಕಾನೂನು ಆಸನದ ಕೋರ್ಟಲ್ಲಿರ್ಲಿ ಕಣ್ಲಾ. ನನಗೆ ಮನೇಲಿ ಮೊಮ್ಮಗ ಬೇಕು" ಎಂದರು ಅತ್ತೆಮ್ಮ. ಭಾವ ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಅಕ್ಕ ಸಾರು ಬಡಿಸುತ್ತಿದ್ದಳು. ಸೌಟು ಒಂದು ಹನಿಯನ್ನೂ ಚೆಲ್ಲಲಿಲ್ಲ.

ಹೆಣ್ಣಿನ ಕಡೆಯವರು ಮನೆ ನೋಡುವ ಶಾಸ್ತ್ರಕ್ಕೆ ಬರುವುದೆಂದು ಗೊತ್ತಾಯಿತು. ಗಂಡಿನ ಮನೆಯ ಒಲೆ, ಕೊಟ್ಟಿಗೆ, ಕಣಜ ಎಲ್ಲ ನೋಡಿ ಊಟ ಮಾಡಿ ಒಪ್ಪಿಗೆ ಹೇಳಿ ಹೋಗುವುದು ನಮ್ಮ ಕಡೆಯ ರೂಢಿ. ಅತ್ತೆಮ್ಮ ಐನೋರನ್ನು ಕೇಳಿಬಂದರು. ಮೀನು ಸಂತಾನದ ಗುರುತು, ಬಂದವರು ಹೊಸ್ತಿಲು ದಾಟುವಾಗ ತುಂಬಿದ ನೀರಿನಲ್ಲಿ ಮೀನು ಆಡುತ್ತಿದ್ದರೆ ಶುಭ ಎಂದು ಅವರು ಹೇಳಿದ್ದರು. ಗಾಜು ಒಡೆಯುವ ವಸ್ತು, ಶುಭಕ್ಕೆ ಸಲ್ಲದು. ತಾಮ್ರಕ್ಕಿಂತ ಶುದ್ಧವಾದದ್ದು ಯಾವುದಿದೆ ಎಂದು ಅತ್ತೆಮ್ಮ ಬಚ್ಚಲಿನ ದೊಡ್ಡ ಹಂಡೆಯನ್ನು ಹೊರಗೆ ತೆಗೆಸಿದರು. ಹಿಂದಿನ ದಿನವೆಲ್ಲ ಹುಣಿಸೆಹುಳಿ, ಬೂದಿ ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿಸಿದರು. ಆ ಹಂಡೆ ಅಷ್ಟು ಚೆಂದ ಹೊಳೆದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಬೆಳಿಗ್ಗೆ ಹಂಡೆಯನ್ನು ಬಾಗಿಲ ಪಕ್ಕ ಇಟ್ಟು, ನೀರು ತುಂಬಿ, ಕೊರಳಿಗೆ ಮಾವಿನ ಸೊಪ್ಪು ಕಟ್ಟಿ, ಅರಿಸಿನ ಕುಂಕುಮ ಇಟ್ಟದ್ದಾಯಿತು. "ಮೀನು ತಂದು ಬಿಡು" ಎಂದರು ಅತ್ತೆಮ್ಮ.

ಅಕ್ಕ ನಡುಮನೆಯಲ್ಲಿ ನಿಂತಳು. ಸವತಿಯ ಮಾತು ಬಂದಾಗ ಎತ್ತದ ದನಿಯನ್ನು ಅವಳು ಆಗ ಎತ್ತಿದಳು.

"ತಾಮ್ರದಲ್ಲಿ ಬಿಟ್ರೆ ಸಾಯ್ತವೆ ಅತ್ತೆಮ್ಮ. ಹೊಸಾ ಮಡಕೇಲಿ ಇಡಾನ, ಊವಿನಾಗೆ ಮುಚ್ತೀನಿ, ಮಡಕೆ ಅಂತ ಕಾಣಾಕಿಲ್ಲ."

"ಮಡಕೆ ಸಾವಿನ ಮನೆ ಮುಂದ್ಲದು ಕಣೇ! ಒಳ್ಳೆ ಕಾರ್ಯದ ದಿನ ಸಾಯ್ತವೆ ಗೀಯ್ತವೆ ಅಂತೀಯಲ್ಲ, ಏನ್ ನಾಲಗೇನೇ ನಿಂದು? ದೇವಸ್ತಾನದಲ್ಲಿ ತೀರ್ತ ತಾಮ್ರದಲ್ಲೇ ಕೊಡೋದು. ಕುಡಿದು ನಾವೆಲ್ಲ ಸತ್ತೋಗಿವ್ವಾ?"

ನಾನು ಮಗುವನ್ನು ಎತ್ತಿಕೊಂಡು ಅಡಿಗೆಮನೆಯ ಬಾಗಿಲಿಂದ, "ಅತ್ತೆ, ಅಕ್ಕ ಹೇಳೋದು ನಿಜ, ಹುಳಿಯಲ್ಲಿ ತಿಕ್ಕಿರೋ ತಾಮ್ರ ಬೇರೆ..." ಎಂದೆ.

"ನಿನ್ ಕಾನ್ವೆಂಟನ್ನ ಇಲ್ಲಿ ಬಿಚ್ಚಬ್ಯಾಡ."

ಅಕ್ಕ ಆಗ ಭಾವನ ಕಡೆ ತಿರುಗಿದಳು. ಅವರು ಹೊಸ ಪಂಚೆ ಉಟ್ಟು, ಕಂಬಕ್ಕೆ ಒರಗಿ, ಎಲೆಗೆ ಸುಣ್ಣ ಸವರುತ್ತಿದ್ದರು.

"ನೀವೇ ಯೋಳಿದ್ರಲ್ಲ. ಮೈಸೂರಿಂದ ಬತ್ತಾ, ಬಸ್ಸಲ್ಲಿ. ತಾಮ್ರ ಸೋಕಿಸ್ಬ್ಯಾಡ ಅಂತ. ಅಮ್ಮಂಗೆ ಯೋಳಿ."

ಮನೆಯೆಲ್ಲ ಭಾವನ ಮುಖ ನೋಡಿತು. ಅವರೊಂದು ಮಾತು ಹೇಳಿದ್ದರೆ ಅತ್ತೆಮ್ಮ ಗೊಣಗಿಕೊಂಡಾದರೂ ಸುಮ್ಮನಾಗುತ್ತಿದ್ದರು. ಮಗನ ಮಾತನ್ನು ಮೀರುವ ಹೆಂಗಸಲ್ಲ ಅವರು. ಭಾವ ಎಲೆಯನ್ನು ಮಡಿಸಿ, ದವಡೆಗೆ ಇಟ್ಟುಕೊಂಡು, ಬೀದಿಯ ಕಡೆ ನೋಡುತ್ತಾ ಹೇಳಿದರು:

"ನಂಗೆ ಗ್ಯಾಪಕ ಇಲ್ಲ."

ಅಕ್ಕ ಅವರನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಳೆ ಏರಿಸಿ ಕಟ್ಟಿ, ಮೀನುಗಳನ್ನು ಒಂದೊಂದಾಗಿ ಬೊಗಸೆಯಲ್ಲಿ ತಂದು ತಾನೇ ಹಂಡೆಗೆ ಬಿಟ್ಟಳು. ಬೇರೆಯವರ ಒರಟು ಕೈಗೆ ಅವನ್ನು ಕೊಡಲು ಅವಳಿಗೆ ಆಗಲಿಲ್ಲವೆಂದು ನಾನು ತಿಳಿದಿದ್ದೇನೆ. ಕೇರಿ ತಿಳಿದದ್ದು ಬೇರೆ.

ನೆಂಟರು ಬೆಳಗಿನ ಬಸ್ಸಿಗೇ ಬರಬೇಕಿತ್ತು. ದಾರಿಯಲ್ಲಿ ಬಸ್ಸು ಕೆಟ್ಟು, ಹಾಸನ ಸುತ್ತಿ ಬರುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಅಷ್ಟು ಹೊತ್ತೂ ಅಕ್ಕ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಮೊದಲು ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ಕಚ್ಚಿದವು. ಅತ್ತೆಮ್ಮ "ನೋಡು, ಎಂಗೆ ಆಡ್ತವೆ" ಎಂದರು. ಆಮೇಲೆ ಮೈಮೇಲೆ ತೆಳ್ಳಗೆ ಬಿಳಿಯ ಲೋಳೆ ಕಟ್ಟಿತು. ಒಂದು ಓರೆಯಾಯಿತು. ಅಕ್ಕ ಕೈ ಚಾಚಿದಾಗ ಅತ್ತೆಮ್ಮ ಅವಳ ಕೈಮೇಲೆ ಹೊಡೆದರು. ಬಸ್ಸಿಳಿದವರನ್ನು ಕರೆತಂದ ಬಂಡಿಯ ಸದ್ದು ಕೇಳಿ ಎಲ್ಲರೂ ಎದ್ದಾಗ, ಹೊಳೆಯುವ ತಾಮ್ರದ ನಡುವೆ ಕೆಂಪು ಮೀನುಗಳು ಹೊಟ್ಟೆ ಮೇಲಾಗಿ ಮಾವಿನೆಲೆಗೆ ತಾಗಿಕೊಂಡು ತೇಲುತ್ತಿದ್ದವು.

ಹೆಣ್ಣಿನ ತಂದೆ ಹೊಸ್ತಿಲಲ್ಲೇ ನಿಂತರು. "ಇದೇನಮ್ಮ ಇದು?"

ಅತ್ತೆಮ್ಮ ಎದೆ ಬಡಿದುಕೊಂಡರು. "ಬೆಳಗಿಂದ ಸಾಯ್ತವೆ ಸಾಯ್ತವೆ ಅಂತ ಬಾಯಲ್ಲಿ ಆಡ್ದೋಳು ಇವ್ಳು. ತಾನೇ ಕೈಯಾರೆ ಬಿಟ್ಲು. ಒಟ್ಟೆಕಿಚ್ಚು ಕಣಪ್ಪ, ಒಟ್ಟೆಕಿಚ್ಚು!"

ಹೆಣ್ಣಿನ ತಂದೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು. ಮೊಣಕೈಗೆ ಕಟ್ಟಿದ ಬಳೆಗಳನ್ನೂ ನೋಡಿದರು. ಊಟಕ್ಕೆ ಕೂತರು, ಚೆನ್ನಾಗಿಯೇ ಉಂಡರು, ಕೈ ತೊಳೆದು ಭಾವನಿಗೆ ಹೇಳಿದರು: "ಮನೆ ಒಪ್ಪಿದ್ವಿ. ಆದ್ರೆ ಆಯಮ್ಮ ಇರೋ ಮನೆಗೆ ನನ್ ಕೂಸ ಕಳ್ಸಾಕಿಲ್ಲ. ಅದೊಂದು ತೀರ್ಮಾನ ಮಾಡ್ಕಳಿ."

ತೀರ್ಮಾನ ಬೇಗ ಆಯಿತು. ಅಕ್ಕನನ್ನು ಅರಕಲಗೂಡಿಗೆ ಕಳಿಸಿದರು. ಹೊರಡುವ ದಿನ ನಾನು ಅವಳ ತಲೆ ಬಾಚಿ ಹೂ ಮುಡಿಸಿದೆ. "ತೊಟ್ಟಿ ತಗೊಂಡು ಹೋಗು ಅಕ್ಕ" ಎಂದೆ. "ಅವ್ರು ಕೊಡಿಸಿದ್ದು, ಅವ್ರ ಮನೇಲೇ ಇರ್ಲಿ" ಎಂದಳು. ಅತ್ತೆಮ್ಮ ಅದರಲ್ಲಿ ಹಪ್ಪಳ ತುಂಬಿದರು. ಇರುವೆ ಹತ್ತುವುದಿಲ್ಲವೆಂದು ಮೆಚ್ಚಿಕೊಂಡರು.

ಹೊಸಬಳು ಬಂದಳು. ಒಳ್ಳೆಯ ಹುಡುಗಿ, ಅವಳನ್ನು ದೂರಿ ಪ್ರಯೋಜನವಿಲ್ಲ. ಗಂಡುಮಕ್ಕಳನ್ನೂ ಹೆತ್ತಳು. ಅತ್ತೆಮ್ಮ ಬೇಡಿದ್ದೆಲ್ಲ ಕೈಗೂಡಿತು. ತಪ್ಪಿಗೆ ತಕ್ಕ ಶಿಕ್ಷೆ ಇದ್ದೇ ಇರುತ್ತದೆಂದು ಸಿಸ್ಟರ್‌ಗಳು ನಮಗೆ ಕಲಿಸಿದ್ದರು. ಆ ಮನೆಯಲ್ಲಿ ನಾನು ಅದನ್ನು ಕಾಣಲಿಲ್ಲ.

ಮಗಳನ್ನು ಕರೆದುಕೊಂಡು ನಾನು ಆಗಾಗ ಅರಕಲಗೂಡಿಗೆ ಹೋಗುತ್ತಿದ್ದೆ, ಕೊಣನೂರಿನ ನೆಂಟರ ನೆಪ ಹೇಳಿ. ಅಣ್ಣನ ಮನೆಯಲ್ಲಿ ಅಕ್ಕ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿದ್ದಳು. ಹಿತ್ತಿಲಲ್ಲಿ ದನ ನೀರು ಕುಡಿಯುತ್ತಿದ್ದ ಹಳೆಯ ಕಲ್ಲುಬಾನಿಯನ್ನು ಉಜ್ಜಿ, ಹೊಳೆಯಿಂದ ಬೆರಳುದ್ದದ ಮೀನುಗಳನ್ನು ಸೆರಗಿನಲ್ಲಿ ಹಿಡಿದು ತಂದು ಬಿಟ್ಟಿದ್ದಳು. ಬೂದು ಬಣ್ಣದ ಸಾಧಾರಣ ಮೀನು. ಬಂದವರು ಯಾರೂ ನಿಂತು ನೋಡುವಂಥವಲ್ಲ. "ಕಲ್ಲು ಒಳ್ಳೇದು ಕಣಮ್ಮಿ. ಏನೂ ಬಿಡಾಕಿಲ್ಲ, ಏನೂ ಯೋಳಾಕಿಲ್ಲ" ಎಂದಳು.

ಒಮ್ಮೆ ಧೈರ್ಯ ಮಾಡಿ ಕೇಳಿದೆ, ಭಾವನ ಮೇಲೆ ಸಿಟ್ಟಿಲ್ಲವೇ ಎಂದು.

ಬಾನಿಗೆ ಬಿದ್ದ ಎಲೆಗಳನ್ನು ಒಂದೊಂದಾಗಿ ತೆಗೆದು ಹಾಕಿದಳು. "ಇನ್ನೊಂದು ಮದ್ವೆ ಆದ್ರಲ್ಲ, ಅದುಕ್ಕಲ್ಲ. ಮಕ್ಕಳು ಬೇಕು ಅನ್ಸಾದು ತಪ್ಪಾ? ಮೀನು ಸತ್ತಿದ್ದಕ್ಕೂ ಅಲ್ಲ. ಗ್ಯಾಪಕ ಇಲ್ಲ ಅಂದ್ರಲ್ಲ. ಆ ಬಸ್ಸಲ್ಲಿ ನಾನೊಬ್ಳೇ ಕುಂತಿದ್ನಾ ತಂಗಿ?"

ಅರವತ್ತರ ದಶಕದ ಕೊನೆಯಲ್ಲಿ, ಒಂದು ಮಳೆಗಾಲದ ಜ್ವರದಲ್ಲಿ ಅಕ್ಕ ಹೋದಳು. ಸುದ್ದಿ ಬಂದ ಕೂಡಲೇ ಭಾವ, ನಮ್ಮ ಯಜಮಾನರು, ನಾನು ಹೊರಟೆವು. ಗಂಡ ಬದುಕಿರುವಾಗ ಹೋದವಳು. ಭಾವ ಹೊಸ ಸೀರೆ ತಂದಿದ್ದರು. ನೆರೆದ ಹೆಂಗಸರು "ಪುಣ್ಯವಂತೆ, ಮುತ್ತೈದೆ ಸಾವು" ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ನಾನು ಅವಳ ಪಾದಗಳನ್ನು ನೋಡುತ್ತಾ ಕೂತಿದ್ದೆ. ಹಿಮ್ಮಡಿಯ ಬಿರುಕುಗಳಲ್ಲಿ ಹೊಳೆಯ ಮರಳಿತ್ತು.

ಮಣ್ಣು ಮಾಡಲು ಗಂಡಸರು ಹೋದ ಮೇಲೆ ಮನೆ ತೊಳೆಯುವುದು ಶುರುವಾಯಿತು. ಸಾವಾದ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಕೊಡ, ಗುಡಾಣ, ಹಂಡೆ ಎಲ್ಲ ಬರಿದಾದವು. ಅಕ್ಕನ ಅಣ್ಣನ ಹೆಂಡತಿ ಹಿತ್ತಿಲಿಗೆ ಹೋಗಿ ಬಾನಿಯ ತೂತಿಗೆ ತುರುಕಿದ್ದ ಬಟ್ಟೆಯನ್ನು ಎಳೆದರು.

"ಸ್ವಲ್ಪ ತಾಳಿ, ಅದರಲ್ಲಿ ಮೀನಿವೆ" ಎಂದು ನಾನು ಓಡಿದೆ.

"ಸೂತಕದ ನೀರು ಕಣವ್ವ, ಒಂದು ತೊಟ್ಟೂ ಉಳಿಸಂಗಿಲ್ಲ. ಸಾಕ್ದೋಳೇ ಓದ್ಮೇಲೆ ಅವು ಯಾಕೆ ಬುಡು."

ಹೊಸ ನೀರು ಕೇಳಿದೆ. ಬಾವಿಗೆ ಇಳಿಬಿಡುವ ಹಗ್ಗವನ್ನೂ ತೊಳೆದು ಒಣಗಹಾಕಿದ್ದರು. ಗಂಡಸರು ಬಂದು ಮೀಯುವ ತನಕ ಯಾರೂ ಸೇದುವಂತಿಲ್ಲ. ನೀರು ಕೆಸವಿನ ಪಾತಿಗೆ ಹರಿದು ಹೋಯಿತು. ಬಾನಿಯ ತಳದ ಕೆಸರಿನಲ್ಲಿ ಬೂದು ಮೀನುಗಳು ಪಟಪಟ ಎನ್ನುತ್ತಿದ್ದವು.

ಅಷ್ಟರಲ್ಲಿ ಗಂಡಸರು ಹಿಂದಿರುಗಿ ಬಂದು, ಮೀಯುವ ಮೊದಲು ಹಿತ್ತಿಲ ಕಟ್ಟೆಯ ಮೇಲೆ ಕೂತರು. ಭಾವ ಬಾನಿಯ ಕಡೆ ನೋಡಿದರು. ಹೆಗಲ ಮೇಲಿನ ವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಪಕ್ಕದವರಿಗೆ ಹೇಳತೊಡಗಿದರು:

"ಮೀನು ಅಂದ್ರೆ ಪ್ರಾಣ ಅವ್ಳಿಗೆ. ಮೈಸೂರಿಂದ ಮೊದ್ಲು ತಂದ್ಕೊಟ್ಟೋನು ನಾನೇಯ. ಬಸ್ಸಲ್ಲಿ ಬತ್ತಾ ಯೋಳಿದ್ದೆ, ತಾಮ್ರ ಇತ್ತಾಳೆ ಸೋಕಿಸ್ಬ್ಯಾಡ ಕಣೆ, ಉಳಿಯಾಕಿಲ್ಲ ಅಂತ. ಕಡೇಗಂಟ ಆ ಮಾತು ಮೀರ್ಲಿಲ್ಲ, ಪಾಪ."

ಕೂತಿದ್ದವರು ಲೊಚಗುಟ್ಟಿದರು. ಎಂಥ ಗಂಡ, ಎಷ್ಟು ನೆನಪು ಎಂದು ಒಬ್ಬರು ಅಂದರು.

ನಾನು ಬಾನಿಯ ಪಕ್ಕದಿಂದ ಎದ್ದು ಅವರ ಎದುರಿಗೆ ಹೋಗಿ ನಿಂತೆ. ಆ ಮನೆಗೆ ಸೇರಿದಾಗಿನಿಂದ ಅವರ ಮುಖ ನೋಡಿ ಒಂದು ಮಾತೂ ಆಡಿರಲಿಲ್ಲ.

"ಅವತ್ತು ಯಾಕೆ ಜ್ಞಾಪಕ ಇರಲಿಲ್ಲ ಭಾವ?"

ಭಾವ ನನ್ನನ್ನು ನೋಡಿದರು. ಅರ್ಥವಾಗಲಿಲ್ಲವೆಂದು ಹೇಳುವ ಹಾಗಿರಲಿಲ್ಲ, ಅರ್ಥವಾಗಿತ್ತು. ಮೆಲ್ಲಗೆ ಮುಖ ತಿರುಗಿಸಿ ತಮ್ಮನನ್ನು ಕೇಳಿದರು:

"ಕಡೇ ಬಸ್ಸು ಎಷ್ಟೊತ್ತಿಗ್ಲಾ?"

ನಮ್ಮ ಯಜಮಾನರು ಹೊತ್ತು ಹೇಳಿದರು. ನಾನು ಮತ್ತೆ ಬಾನಿಯ ಹತ್ತಿರ ಹೋದೆ. ಕೆಸರಿನಲ್ಲಿ ಅಲುಗಾಟ ನಿಂತಿತ್ತು.